ಚಹಾ ಈಗಷ್ಟೇ ಆಯ್ತು

ಶಾಸಕರು ಮುಂದಿನ ಚುನಾವಣೆಗೆ ನಿಲ್ಲುವುದಿಲ್ಲ ಎಂದು ಹೇಳಿದಾಗ ಪತ್ರಿಕೆಯಲ್ಲಿ ಬರುವ ಕಾರಣಗಳನ್ನು ದಯವಿಟ್ಟು ನಂಬಬೇಡಿ. ಅವನ್ನು ಬರೆದುಕೊಡುವವರು ನನ್ನಂಥವರು. ನಾನು ಹುಮನಾಬಾದಿನ ಕಾಲೇಜೊಂದರಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಮನೆ ಬಸವಕಲ್ಯಾಣದಲ್ಲಿ. ಕನ್ನಡ ಮಾಸ್ತರನ ನಿವೃತ್ತಿ ಎಂಬುದು ಸರ್ಕಾರದ ಕಾಗದದಲ್ಲಷ್ಟೇ ಇರುತ್ತದೆ. ಮದುವೆಯ ಕರೆಯೋಲೆ, ಸತ್ತವರ ಶ್ರದ್ಧಾಂಜಲಿ, ಬದುಕಿರುವವರ ಬಿನ್ನವತ್ತಳೆ ಎಲ್ಲವೂ ನನ್ನ ಮೇಜಿನ ಮೇಲಿಂದಲೇ ಹೊರಡಬೇಕು. ಒಂದೇ ತಿಂಗಳಲ್ಲಿ ಮೂವರನ್ನು ಅಜಾತಶತ್ರು ಎಂದು ಬರೆದಿದ್ದೇನೆ. ಆ ಮೂವರೂ ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋದವರು. ಇನ್ನು ಸಮಾನತೆ ಎಂಬ ವಿಷಯ ಕೊಟ್ಟರಂತೂ ಮುಗಿದೇ ಹೋಯಿತು. ಬಸವಕಲ್ಯಾಣದಲ್ಲಿ ಹುಟ್ಟಿದವನಿಗೆ ಅದರ ಮೇಲೆ ಮಾತಾಡಲು ಟಿಪ್ಪಣಿ ಬೇಕೇ? ಪ್ರತಿವರ್ಷ ಬಸವ ಜಯಂತಿಗೆ ನಲವತ್ತು ನಿಮಿಷ ಮಾತಾಡುತ್ತೇನೆ. ಜನ ಚಪ್ಪಾಳೆ ಹೊಡೆಯುತ್ತಾರೆ, ಮುಗಿಸಿದ್ದಕ್ಕೋ ಮಾತಾಡಿದ್ದಕ್ಕೋ ನಾನು ವಿಚಾರಿಸಲು ಹೋಗಿಲ್ಲ.

ನನಗೆ ಇನ್ನೊಂದು ಪ್ರತಿಭೆಯೂ ಇದೆ. ಯಾರ ಮನಸ್ಸನ್ನೂ ನೋಯಿಸದೆ ಬೇಡ ಎನ್ನಬಲ್ಲೆ. ನಮ್ಮ ಕಡೆ ಮನೆಗೆ ಬಂದವರು ಚಹಾ ಕುಡಿಯದೆ ಎದ್ದರೆ ಮನೆಯವರ ಮುಖ ಸಣ್ಣದಾಗುತ್ತದೆ. ಆ ಚಹಾವಾದರೂ ಎಂಥದ್ದು! ಎಮ್ಮೆಯ ಹಾಲು, ಕುದಿಕುದಿದು ಕೆಂಪಾದದ್ದು, ಮೇಲೆ ಸಕ್ಕರೆ. ಬಂದವರ ಮೇಲಿನ ಮರ್ಯಾದೆಯನ್ನು ನಾವು ಸಕ್ಕರೆಯಲ್ಲೇ ಅಳೆಯುವುದು. ದಿನಾ ಬರುವವನಿಗೆ ಎರಡು ಚಮಚ, ಬೀಗರಿಗೆ ಮೂರು, ದೊಡ್ಡ ಮನುಷ್ಯರಿಗೆ ಕೈಗೆ ಬಂದಷ್ಟು. ಇದರಿಂದ ಪಾರಾಗಲು ನಾನೊಂದು ವಾಕ್ಯ ಕಂಡುಹಿಡಿದಿದ್ದೇನೆ. ಹೊಸ್ತಿಲ ಬಳಿ ನಿಂತು, ಎದೆಯ ಮೇಲೆ ಕೈಯಿಟ್ಟು, ‘ಚಹಾ ಈಗಷ್ಟೇ ಆಯ್ತು’ ಎನ್ನುವುದು. ರಾಜೇಶ್ವರದಲ್ಲಿ ನನಗೆ ನಾಲ್ಕು ಎಕರೆ ತೊಗರಿ ಹೊಲವಿದೆ. ಅಲ್ಲಿ ಕಳೆ ತೆಗೆಯುವ ಶೇವಂತಾಬಾಯಿ ಇಪ್ಪತ್ತು ವರ್ಷದಿಂದ, ನಾನು ಅವಳ ಮನೆಯ ಬಾಗಿಲಿಗೆ ಹೋದಾಗಲೆಲ್ಲ, ‘ಚಹಾ ಮಾಡ್ಲೇನ್ರಿ ಸರ್’ ಎಂದು ಕೇಳುತ್ತಾಳೆ. ನಾನು ಎದೆಯ ಮೇಲೆ ಕೈಯಿಡುತ್ತೇನೆ. ಅರವತ್ತು ದಾಟಿದರೂ ನನಗೆ ಸಕ್ಕರೆ ಕಾಯಿಲೆ ಬಂದಿಲ್ಲ. ಅದಕ್ಕೆ ಈ ವಾಕ್ಯವೇ ಕಾರಣ ಎಂದು ಗೆಳೆಯರಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಹೀಗಿರುವಾಗ ಒಂದು ಮುಂಜಾನೆ ನಮ್ಮ ಶಾಸಕರು ಹುಮನಾಬಾದಿಗೆ ಕರೆಸಿಕೊಂಡರು. ಹೆಸರು ಬೇಡ, ಪಕ್ಷವೂ ಬೇಡ. ನಾವೆಲ್ಲ ಸಾಹೇಬರು ಎನ್ನುತ್ತೇವೆ, ಅಷ್ಟು ಸಾಕು. ಸುತ್ತ ಕೂತಿದ್ದ ಮಂದಿಯನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಹಾಕಿ, ತಲೆಯ ಮೇಲಿನ ಟೊಪ್ಪಿಗೆ ತೆಗೆದಿಟ್ಟರು. ಟೊಪ್ಪಿಗೆಯಿಲ್ಲದ ಸಾಹೇಬರನ್ನು ನಾನು ಅದೇ ಮೊದಲು ನೋಡಿದ್ದು.

“ಸರ್, ನಂಗ ಸಾಕಾಗ್ಯದ. ಈ ಸಲ ನಿಲ್ಲಂಗಿಲ್ಲ. ಒಂದು ಬಯಾನು ಬರ್ದು ಕೊಡ್ರಿ. ಕೇಳಿದವ್ರ ಕಣ್ಣಾಗ ನೀರು ಬರಬೇಕು. ಆದ್ರ ನಿಲ್ರಿ ಅಂತ ಮಾತ್ರ ಯಾರೂ ಅನಬಾರ್ದು.”

ಇಂಥ ಹೇಳಿಕೆ ಬರೆಯುವುದು ಎಷ್ಟು ಹೊತ್ತಿನ ಕೆಲಸ ಎಂದುಕೊಂಡು ಅಲ್ಲೇ ಕೂತು ಬರೆದೆ. ಅನಾರೋಗ್ಯದ ನಿಮಿತ್ತ ಎಂದು ಶುರುಮಾಡಿದೆ. ಸಾಹೇಬರು ಎರಡನೆಯ ಸಾಲಿಗೇ ಕೈ ಅಡ್ಡ ಹಿಡಿದರು. ತಬಿಯತ್ತು ಅಂತ ಬರೆದರೆ ನಾಳೆ ಬೆಳಗ್ಗೆಯೇ ವಿರೋಧಿಗಳು ನನ್ನ ಫೋಟೋಗೆ ಹಾರ ಹಾಕಿಬಿಡುತ್ತಾರೆ ಎಂದರು. ಸರಿ, ಯುವಕರಿಗೆ ದಾರಿ ಬಿಟ್ಟುಕೊಡಲು ಎಂದು ತಿದ್ದಿದೆ. ಯಾವ ಯುವಕರು ಎಂದು ಕೇಳಿದರು. ಟಿಕೆಟ್ಟಿಗೆ ಕಾದು ಕೂತ ಯುವಕರು ಸಾಹೇಬರ ಸುತ್ತ ಹನ್ನೊಂದು ಮಂದಿ ಇದ್ದಾರಂತೆ, ಅವರಲ್ಲಿ ಕಿರಿಯವನಿಗೆ ಐವತ್ತೆರಡಂತೆ. ಒಬ್ಬನಿಗೆ ದಾರಿ ಬಿಟ್ಟರೆ ಉಳಿದ ಹತ್ತು ಮಂದಿ ದಾರಿಯಲ್ಲೇ ಮಲಗುತ್ತಾರಂತೆ. ಕುಟುಂಬದೊಂದಿಗೆ ಕಾಲ ಕಳೆಯಲು ಎಂದು ಬರೆದದ್ದಕ್ಕೆ, ಮನೆಯವರನ್ನು ಒಂದು ಮಾತು ಕೇಳಿ ಹೇಳುತ್ತೇನೆ ಎಂದು ಒಳಗೆ ಹೋದವರು ಬಂದು ಅದನ್ನೂ ಹೊಡೆದುಹಾಕಿದರು. ಕೊನೆಗೆ, ಕ್ಷೇತ್ರದ ಕೆಲಸಗಳನ್ನೆಲ್ಲ ಮುಗಿಸಿದ ಸಂತೃಪ್ತಿಯಿಂದ ಎಂದು ಬರೆದೆ. ಸಾಹೇಬರು ಅದನ್ನು ಓದಿ ಕಿಟಕಿಯ ಹೊರಗೆ ನೋಡಿದರು. ನಾನೂ ನೋಡಿದೆ. ಹೊರಗೆ ರಸ್ತೆ ಕಾಣುತ್ತಿತ್ತು. ಇಬ್ಬರೂ ಸೇರಿ ಆ ಸಾಲನ್ನು ತೆಗೆದೆವು.

ಹಾಗಾದರೆ ನಿಜವಾದ ಕಾರಣವೇನು ಎಂದು ಕೇಳಿದೆ. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆಪತ್ರಿಕೆ ಕೊಟ್ಟವನಿಗೆ ಈ ಪ್ರಶ್ನೆ ಮೊದಲೇ ಹೊಳೆಯಬೇಕಿತ್ತು. ಸಾಹೇಬರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, “ಚಹಾ ಸರ್” ಎಂದರು.

ಅವರಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿವೆಯಂತೆ. ಡಾಕ್ಟರು ಈ ಸಲ ಬೈದೇಬಿಟ್ಟರಂತೆ. ಕಾಲಿನ ಬೆರಳೊಂದು ಆಗಲೇ ಕಪ್ಪಾಗುತ್ತಿದೆ, ಹೀಗೇ ನಡೆದರೆ ಮುಂದೆ ಮೆರವಣಿಗೆಗೆ ಕಾಲೇ ಇರುವುದಿಲ್ಲ ಎಂದರಂತೆ. ಆದರೆ ಒಂದು ಹಳ್ಳಿಗೆ ಹೋದರೆ ಹತ್ತು ಮನೆ, ಹತ್ತು ಮನೆಯಲ್ಲೂ ಚಹಾ, ಶಾಸಕರೆಂದು ಸಕ್ಕರೆ ಬೊಗಸೆಗಟ್ಟಲೆ. ಒಮ್ಮೆ ದುಬಲಗುಂಡಿಯಲ್ಲಿ ಸಕ್ಕರೆ ಬೇಡ ಎಂದರಂತೆ. ಆ ಮನೆಯವರು ಸಪ್ಪೆ ಚಹಾ ಕೊಟ್ಟರು. ಸಂಜೆಯ ಹೊತ್ತಿಗೆ, ಅವರ ಮನೆಯಲ್ಲಿ ಸಕ್ಕರೆಗೂ ಗತಿಯಿಲ್ಲ, ಸಾಹೇಬರಿಗೆ ಸಪ್ಪೆ ನೀರು ಕುಡಿಸಿದರು ಎಂದು ಊರೆಲ್ಲ ಆಡಿಕೊಂಡಿತು. ಆ ಮನೆಯ ಯಜಮಾನ ಇನ್ನೂ ಇವರ ಜೊತೆ ಮಾತಾಡುವುದಿಲ್ಲ. ಇನ್ನೊಂದು ಸಲ, ಡಾಕ್ಟರು ಬೇಡ ಎಂದಿದ್ದಾರೆ ಎಂದು ನಿಜವನ್ನೇ ಹೇಳಿದರಂತೆ. ಇವರ ಗಾಡಿ ಚಿಟಗುಪ್ಪ ಮುಟ್ಟುವಷ್ಟರಲ್ಲಿ ಸುದ್ದಿ ಮೊದಲೇ ಮುಟ್ಟಿತ್ತು. ಅಲ್ಲಿ ಮೂರು ಜನ ಹಣ್ಣಿನ ಚೀಲ ಹಿಡಿದು ಯಾವ ಆಸ್ಪತ್ರೆ ಎಂದು ಕೇಳುತ್ತ ನಿಂತಿದ್ದರು.

ನನಗೆ ನಗು ತಡೆಯಲಾಗಲಿಲ್ಲ. ಇಷ್ಟಕ್ಕೆಲ್ಲ ರಾಜಕೀಯ ಬಿಡುತ್ತಾರೆಯೇ ಎಂದು ನನ್ನ ಆ ವಾಕ್ಯವನ್ನು ಅವರಿಗೆ ಧಾರೆಯೆರೆದೆ. ಎದೆಯ ಮೇಲೆ ಕೈಯಿಡುವುದು ಹೇಗೆ ಎಂದೂ ಎದ್ದು ನಿಂತು ತೋರಿಸಿದೆ. ಸಾಹೇಬರು ನನ್ನ ಕೈ ಹಿಡಿದು ಕೂರಿಸಿದರು.

“ಅದನ್ನ ನೀವು ಅನಬಹುದು ಸರ್. ನಾ ಗೌಡ್ರ ಮನ್ಯಾಗ ಅಂದ್ರ ನಡೀತದ. ಆಕಡಿ ಓಣ್ಯಾಗ ಅಂದ್ರ, ಇವ ನಮ್ಮ ಮನ್ಯಾಗ ಯಾಕ ಕುಡೀಲಿಲ್ಲ ಅಂತ ಅವ್ರಿಗಿ ಗೊತ್ತಾಗ್ತದ. ಸಕ್ಕರಿ ಕಾಯಿಲೆ ಅಂದ್ರ ನಂಬತಾರೇನ್ರಿ? ಅವ್ರ ಅಜ್ಜನ ಕಾಲದಿಂದ ಇಂಥವೇ ಕೇಳ್ಕೋತ ಬಂದಾರ.”

ನಾನು ಹೌದು ಹೌದು ಎಂದು ತಲೆಯಾಡಿಸಿದೆ. ಸಮಾನತೆಯ ಮೇಲೆ ನಲವತ್ತು ನಿಮಿಷ ಮಾತಾಡುವವನು, ತಲೆಯಾಡಿಸದೆ ಇರಲಾಗುತ್ತದೆಯೇ? ಆ ಮಾತು ನನಗೂ ತಗಲುತ್ತದೆ ಎಂದು ಒಂದಿಷ್ಟೂ ಅನ್ನಿಸಲಿಲ್ಲ. ಹೇಳಿಕೆಯಲ್ಲಿ ಅಂತರಾತ್ಮದ ಕರೆಗೆ ಓಗೊಟ್ಟು ಎಂದು ಬರೆದೆ. ಸಾಹೇಬರಿಗೆ ಬಹಳ ಹಿಡಿಸಿತು. ಅಂತರಾತ್ಮವನ್ನು ಯಾರೂ ಹಣ್ಣು ಹಿಡಿದು ನೋಡಲು ಬರುವುದಿಲ್ಲ ಎಂದರು.

ಮರುವಾರ ರಾಜೇಶ್ವರದ ಶಾಲೆಯ ಬಯಲಿನಲ್ಲಿ ಹಿತೈಷಿಗಳ ಸಭೆ. ನಿರೂಪಣೆ ನನ್ನದೇ. ಸಾಹೇಬರು ಕನ್ನಡಕ ಹಾಕಿಕೊಂಡು ಓದಿದರು. ಅಂತರಾತ್ಮ ಬಂದಾಗ ಕೆಲವರು ಕಣ್ಣೊರೆಸಿಕೊಂಡರು, ನನಗೆ ಒಳಗೊಳಗೇ ಹಿಗ್ಗು. ಆ ಹನ್ನೊಂದು ಮಂದಿ ಯುವಕರು ನಿಲ್ಲಲೇಬೇಕು ನಿಲ್ಲಲೇಬೇಕು ಎಂದು ಕೂಗಿದರು, ಆದರೆ ದನಿಯಲ್ಲಿ ಅಂಥ ಜೋರಿರಲಿಲ್ಲ. ಸಾಹೇಬರು ಒಪ್ಪದೆ ಕೈ ಮುಗಿದರು. ಎಲ್ಲ ಸುಸೂತ್ರವಾಗಿ ಮುಗಿಯಿತು, ವಂದನಾರ್ಪಣೆ ಮಾಡೋಣ ಎಂದು ನಾನು ಮೈಕು ಎತ್ತಿಕೊಂಡೆ. ಆಗ ಹೆಂಗಸರ ಕಡೆಯಿಂದ ಶೇವಂತಾಬಾಯಿ ಎದ್ದು ನಿಂತಳು. ನನ್ನ ಹೊಲದ ಶೇವಂತಾಬಾಯಿಯೇ. ಕೂಲಿ ಬಿಟ್ಟು ಬಂದಿದ್ದಳು.

“ಸಾಹೇಬ್ರ, ನಿಲ್ಲೂದು ಬಿಡೂದು ನಿಮ್ಮಿಚ್ಛಾ. ನಂದೊಂದು ಮಾತು. ನಮ್ಮ ಓಣ್ಯಾಗ ಬಂದು, ನಮ್ಮ ಹೊರಸಿನ ಮ್ಯಾಲ ಕುಂತು, ನಮ್ಮ ಕಪ್ಪು-ಬಸ್ಯಾಗ ಚಹಾ ಕುಡಿಯವ್ರು ನೀವೊಬ್ರೇ ಇದ್ರಿ. ಎಲೆಕ್ಷನ್ ಬಂದಾಗರ ಬರ್ತಿದ್ರಿ. ನೀವು ಬಿಟ್ರ ನಮ್ಮ ಮನ್ಯಾಗ ಯಾರ್ ಕುಡೀತಾರ್ರಿ?”

ಅಷ್ಟಕ್ಕೆ ಕೂತಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆಕೆ ನನ್ನ ಕಡೆ ಕೈ ತೋರಿಸಿದಳು.

“ಈ ಸರ್ ಅದಾರ. ಭಾಳ ಚಲೋ ಮಂದಿ. ಇಪ್ಪತ್ತು ವರ್ಷ ಆಯ್ತು ನೋಡಾಕತ್ತೇನಿ, ಯಾವಾಗ ಬಂದ್ರೂ ಚಹಾ ಕುಡ್ಕೊಂಡೇ ಬಂದಿರ್ತಾರ.”

ಜನ ಹೋ ಎಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ, ಅದೂ ಮೈಕಿನಲ್ಲಿ. ಶೇವಂತಾಬಾಯಿ ಮಾತ್ರ ನಗಲಿಲ್ಲ. ಆಕೆ ಅದನ್ನು ದೂರಿನಂತೆ ಹೇಳಿರಲಿಲ್ಲ, ಮಳೆ ಬಂತು ಹೋಯಿತು ಎನ್ನುವಂತೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ನನಗೆ ನಾಚಿಕೆಯಾಯಿತು. ಆಕೆಯ ಹೊಸ್ತಿಲಿನಿಂದ ಹಿಂತಿರುಗಿದವನು ಆ ಇಪ್ಪತ್ತು ವರ್ಷವೂ ಅದೇ ಊರ ಗೌಡರ ಜಗಲಿಯಲ್ಲಿ ಎರಡೆರಡು ಕಪ್ಪು ಕುಡಿದಿದ್ದೇನೆ. ಅಲ್ಲಿ ಆ ವಾಕ್ಯ ಒಮ್ಮೆಯೂ ನೆನಪಿಗೆ ಬಂದಿಲ್ಲ. ವಾಕ್ಯ ಕಂಡುಹಿಡಿದದ್ದು ಆರೋಗ್ಯಕ್ಕೆ ಎಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ.

ಸಾಹೇಬರು ನಾನು ಬರೆದುಕೊಟ್ಟ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. “ನೋಡೋಣ್ರಿ” ಎಂದರು. ಅವರ ಬಾಯಲ್ಲಿ ನೋಡೋಣ ಎಂದರೆ ಆಯಿತು ಎಂದೇ ಅರ್ಥ, ಹನ್ನೊಂದು ಮಂದಿ ಯುವಕರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಸಭೆ ಮುಗಿದ ಮೇಲೆ ನೆಟ್ಟಗೆ ಶೇವಂತಾಬಾಯಿಯ ಓಣಿಗೆ ನಡೆದರು. ನಾನು ವರದಿ ಬರೆಯುವುದಿದೆ ಎಂದು ಗಾಡಿಯಲ್ಲೇ ಕೂತೆ. ಸ್ವಲ್ಪ ಹೊತ್ತಿಗೆ ಮೀಸೆ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತರು. ಐದು ಚಮಚ ಇತ್ತು ಎಂದರು. ಹೊಸ ಹೇಳಿಕೆ ಬೇಕು, ಅಂತರಾತ್ಮವನ್ನು ಹಾಗೇ ಇಟ್ಟುಕೊಳ್ಳಿ, ಅದು ಮನಸ್ಸು ಬದಲಿಸಿತು ಎಂದು ಬರೆಯಿರಿ ಎಂದರು. ದಾರಿಯುದ್ದಕ್ಕೂ ಚಪ್ಪಲಿ ಬಿಚ್ಚಿ ಆ ಕಪ್ಪು ಬೆರಳನ್ನು ಸವರುತ್ತಿದ್ದರು. ಓಟಿಗಾಗಿ ಕುಡಿದರು ಎಂದು ಅವರನ್ನು ಬೇಕಾದರೆ ಆಡಿಕೊಳ್ಳಬಹುದು. ಆದರೆ ನಾನು ಏತಕ್ಕಾಗಿಯೂ ಕುಡಿದವನಲ್ಲ.

ಮನೆಗೆ ಬಂದು ಹೆಂಡತಿಗೆ ಇದನ್ನೆಲ್ಲ ತಮಾಷೆಯಾಗಿ ಹೇಳಿದೆ. ಅವಳು ನಗಲಿಲ್ಲ. “ಆಕಿ ಇಲ್ಲಿಗಿ ಬಂದಾಗ ನಾ ಕೊಡೂ ಗ್ಲಾಸು ಎಲ್ಲಿ ಇರ್ತದ, ನೋಡೀರೇನು?” ಎಂದಳು. ನೋಡಿದ್ದೆ. ಹಿತ್ತಲ ಗೋಡೆಯ ಗೂಡಿನಲ್ಲಿ, ಬೋರಲಾಗಿ. ಇಷ್ಟು ವರ್ಷ ಅದನ್ನು ನೋಡುತ್ತಲೇ ಹಲ್ಲುಜ್ಜಿದ್ದೇನೆ. ಅವಳು ಹೋಗಿ ಆ ಗ್ಲಾಸನ್ನು ತಂದು, ತೊಳೆದು, ಅಡುಗೆಮನೆಯಲ್ಲಿ ಉಳಿದ ಗ್ಲಾಸುಗಳ ಜೊತೆಗಿಟ್ಟಳು. ಆಮೇಲೆ ಯಾವುದು ಅದು ಎಂದು ಇಬ್ಬರಿಗೂ ಗುರುತು ಸಿಗಲಿಲ್ಲ. ರಾತ್ರಿ ನಾನು ನೀರು ಕುಡಿದದ್ದು ಅದರಲ್ಲೇ ಇರಬಹುದು.

ಮರುದಿನ ಮೊದಲ ಬಸ್ಸು ಹಿಡಿದು ರಾಜೇಶ್ವರಕ್ಕೆ ಹೋದೆ. ಏನು ಹೇಳಬೇಕೆಂದು ದಾರಿಯಲ್ಲಿ ಮೂರು ಕರಡು ಮಾಡಿದೆ, ಮೂರರಲ್ಲೂ ಸಮಾನತೆ ಬಂತು, ಮೂರನ್ನೂ ಬಿಟ್ಟೆ. ಶೇವಂತಾಬಾಯಿ ಕಳೆ ತೆಗೆಯುವ ಕುರ್ಪಿ ಹಿಡಿದು ಕೂಲಿಗೆ ಹೊರಟಿದ್ದಳು. ಅವಳು ಕೇಳುವ ಮೊದಲೇ ನಾನೇ, ಒಂದಿಷ್ಟು ಚಹಾ ಮಾಡ್ತೀರೇನ್ರಿ ಎಂದೆ. ಅವಳು ಹಿಂದಕ್ಕೆ ತಿರುಗಿ ನೋಡಿದಳು, ಬೇರೆ ಯಾರಿಗೋ ಅಂದೆನೇನೋ ಎಂದು. ಆಮೇಲೆ ಕುರ್ಪಿ ಕೆಳಗಿಟ್ಟು, ಹೊರಸು ಝಾಡಿಸಿ, ಒಳಗೆ ಹೋದಳು. ಸಕ್ಕರೆ ಡಬ್ಬಿಯೊಳಗೆ ಚಮಚ ತಿರುಗುವ ಸದ್ದು ಐದು ಸಲ ಕೇಳಿಸಿತು. ಚಹಾ ತಂದು ಬಸಿಗೆ ಸುರಿದು ಕೊಟ್ಟು, ನಾನು ಕುಡಿದು ಮುಗಿಸುವ ತನಕ ಎದುರಿಗೇ ನಿಂತಿದ್ದಳು. ಓಣಿಯ ನಾಲ್ಕು ಹೆಂಗಸರೂ ಬಂದು ನಿಂತರು. ಎಷ್ಟೋ ವೇದಿಕೆ ಹತ್ತಿದ್ದೇನೆ, ಸಭಿಕರು ಅಷ್ಟು ಗಮನವಿಟ್ಟು ನೋಡಿದ್ದು ನೆನಪಿಲ್ಲ.

ಖಾಲಿ ಬಸಿ ಕೆಳಗಿಟ್ಟಾಗ ಶೇವಂತಾಬಾಯಿ ಸ್ವಲ್ಪ ಹತ್ತಿರ ಬಂದು, ಉಳಿದವರಿಗೆ ಕೇಳಿಸದಂತೆ ಕೇಳಿದಳು.

“ಖರೇ ಹೇಳ್ರಿ ಸರ್. ಎಲೆಕ್ಷನ್‌ಕ್ಕ ನೀವು ನಿಂತೀರೇನು?”

ಇಲ್ಲವೇ ಇಲ್ಲ ಎಂದೆ. ನಿಲ್ಲುವವರೂ ಮೊದಲು ಹೀಗೇ ಅನ್ನುತ್ತಾರೆ ಎಂದು ಅವಳು ಒಳಗಿಂದ ಪಾತ್ರೆ ತಂದಳು. ಇನ್ನೊಂದು ಬಸಿ ಹಾಕಲೇ ಎಂದಳು. ‘ಚಹಾ ಈಗಷ್ಟೇ ಆಯ್ತು’ ಎಂಬ ಮಾತು ರೂಢಿಯಂತೆ ನಾಲಿಗೆಯ ತುದಿಗೆ ಬಂತು, ಕೈಯೂ ಎದೆಯ ತನಕ ಹೋಯಿತು. ಇಪ್ಪತ್ತು ವರ್ಷದಲ್ಲಿ ಆ ಹೊಸ್ತಿಲಲ್ಲಿ ಆ ಮಾತು ನಿಜವಾಗಿದ್ದುದು ಅದೊಂದೇ ಸಲ. ಆ ಕೈಯನ್ನು ಇಳಿಸಿ, ಕೆಳಗಿಟ್ಟಿದ್ದ ಬಸಿ ಮುಂದೆ ಹಿಡಿದೆ.