ಸಂತೃಪ್ತ ವಿದ್ಯಾರ್ಥಿ

ಎಲ್ಲರೂ ದಿಂಬು ಅಂತ ಕರೆಯುತ್ತಿದ್ದ ಹುಡುಗ ಮಾಡಿದ ತಪ್ಪು ಇಷ್ಟೇ. ಲೈಬ್ರರಿಯಲ್ಲಿ ಸೊಗಸಾಗಿ ನಿದ್ದೆ ಮುಗಿಸಿ ಹೊರಗೆ ಬಂದವನನ್ನು ತಪಾಸಣಾ ಸಮಿತಿಯ ಮೇಡಂ, "ಈ ಕಾಲೇಜಲ್ಲಿ ಖುಷಿಯಾಗಿದ್ದೀಯೇನಪ್ಪಾ?" ಅಂತ ಕೇಳಿದರು. ಅವನು ಆಕಳಿಸುತ್ತಾ "ತುಂಬಾ ಖುಷಿ ಮೇಡಂ" ಅಂದುಬಿಟ್ಟ.

ಅದುವರೆಗೆ ಸಿಕ್ಕ ವಿದ್ಯಾರ್ಥಿಗಳೆಲ್ಲ ನಲ್ಲಿ, ಶೌಚಾಲಯ, ಫೀಸು ಅಂತ ಗೋಳು ತೋಡಿಕೊಂಡಿದ್ದರಿಂದ ಮೇಡಂ ಮುಖ ಗಂಟಿಕ್ಕಿತ್ತು. ದಿಂಬುವಿನ ಮಾತು ಕೇಳಿ ಪಕ್ಕದಲ್ಲಿದ್ದ ಪ್ರಿನ್ಸಿಪಾಲರಿಗೆ ಹೋದ ಜೀವ ಬಂದಂತಾಯಿತು.

"ಆಟ ಆಡ್ತಾನಲ್ಲ ಮೇಡಂ, ಅದಕ್ಕೇ ಖುಷಿ! ನಮ್ಮ ಟೇಬಲ್ ಟೆನ್ನಿಸ್ ಚಾಂಪಿಯನ್ ಇವನು."

ದಿಂಬು ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

"ಹೌದಾ? ನಾನೂ ಆಡ್ತೀನಿ. ಒಂದು ಗೇಮ್ ಆಗಿಬಿಡಲಿ" ಅಂತ ಮೇಡಂ ಕೈಗಡಿಯಾರ ಬಿಚ್ಚಿದರು.

ಆಟದ ಕೋಣೆಯಲ್ಲಿ ಟೇಬಲ್ ತುಂಬ ಹಳೇ ಉತ್ತರಪತ್ರಿಕೆಗಳ ಕಟ್ಟು. ಪಿ.ಟಿ. ಮೇಷ್ಟ್ರು ಅವನ್ನೆಲ್ಲ ಕೆಳಗುರುಳಿಸಿ, ಕಾಲಲ್ಲಿ ಟೇಬಲಿನಡಿ ನೂಕಿ, ಹೊಚ್ಚಹೊಸ ನೆಟ್ಟನ್ನು ಪ್ಲಾಸ್ಟಿಕ್‌ನಿಂದ ಬಿಡಿಸಿದರು. ದಿಂಬು ಸೊಳ್ಳೆ ಹೊಡೆಯುವವನಂತೆ ಬ್ಯಾಟು ಎತ್ತಿ ನಿಂತ. ಅವನ ಮೊದಲ ಚೆಂಡು ನೇರ ಪ್ರಿನ್ಸಿಪಾಲರ ಕನ್ನಡಕಕ್ಕೆ ಬಡಿಯಿತು. ಮುಂದಿನದನ್ನು ಹೊಡೆಯಲು ಎಗರಿದಾಗ ಅವನ ಒಂದು ಚಪ್ಪಲಿಯೇ ಕಳಚಿ ನೆಟ್ಟು ದಾಟಿ ಮೇಡಂ ಕಡೆ ಹೋಯಿತು. ಕಿಟಕಿಗೆ ಜೋತುಬಿದ್ದ ಸಹಪಾಠಿಗಳು "ಚಪ್ಪಲಿಗೂ ಪಾಯಿಂಟ್ ಕೊಡಿ!" ಅಂತ ಕೂಗಿದರು.

"ನಗೋ! ಖುಷಿಯಾಗಿರೋ ಥರ ನಗು!" ಪ್ರಿನ್ಸಿಪಾಲರು ಹಲ್ಲು ಕಡಿದು ಪಿಸುಗುಟ್ಟಿದರು. ದಿಂಬು ಹಲ್ಲುನೋವು ಬಂದವನಂತೆ ನಕ್ಕ.

ಅಷ್ಟರಲ್ಲಿ ಅದು ಹೇಗೋ, ಬೀಸಿದ ಬ್ಯಾಟಿಗೇ ಚೆಂಡು ಬಂದು ತಗುಲಿತು. ಟಕ್! ಮೇಡಂ ಕೈ ಚಾಚಿದರೂ ಸಿಗದೆ ಟೇಬಲಿನ ಅಂಚು ಸವರಿ ಹಾರಿಹೋಯಿತು. ದಿಂಬುವಿನ ಮೈ ಜುಮ್ಮೆಂದಿತು. ಒಂಟಿ ಚಪ್ಪಲಿಯಲ್ಲೇ ಎಗರಿ ಕುಣಿದ. ಆಮೇಲೆ ಆಟ ಸೋತದ್ದೂ ಅವನಿಗೆ ಗೊತ್ತಾಗಲಿಲ್ಲ. ಬೆವರು ಸುರಿಸುತ್ತಾ, ಯಾರೂ ಹೇಳದೆಯೇ ನಗುತ್ತಿದ್ದ.

"ಆಟ ಆಡೋ ಮಕ್ಕಳ ಮುಖದ ಕಳೆಯೇ ಬೇರೆ ನೋಡಿ" ಅಂತ ಮೇಡಂ ಅವನ ಬೆನ್ನು ತಟ್ಟಿದರು. ಪ್ರಿನ್ಸಿಪಾಲರು ಅವರನ್ನು ಕಾರಿನವರೆಗೂ ಹೋಗಿ ಬೀಳ್ಕೊಟ್ಟರು.

ದಿಂಬು ಬ್ಯಾಟು ಬಿಡದೆ ಕೇಳಿದ: "ಸಾರ್, ನಾಳೆ ಎಷ್ಟೊತ್ತಿಗೆ ಬರ್ಲಿ?"

"ಯಾಕೆ?" ಅಂದರು ಪಿ.ಟಿ. ಮೇಷ್ಟ್ರು, ನೆಟ್ಟನ್ನು ಮತ್ತೆ ಪ್ಲಾಸ್ಟಿಕ್ಕಿಗೆ ತುರುಕುತ್ತಾ.

"ಆಡೋಕೆ ಸಾರ್."

ಆಸ್ತಿಯಲ್ಲಿ ಪಾಲು ಕೇಳಿದವನನ್ನು ನೋಡುವಂತೆ ಮೇಷ್ಟ್ರು ನೋಡಿದರು. ಬ್ಯಾಟು ಕಿತ್ತುಕೊಂಡು ಬಾಗಿಲಿಗೆ ಬೀಗ ಜಡಿದರು.

"ದಿನಾ ಆಡಿದ್ರೆ ಸಾಮಾನು ಹಾಳಾಗಲ್ವೇನೋ? ಇನ್ನು ಸಮಿತಿ ಬರೋದು ಐದು ವರ್ಷಕ್ಕೆ. ಆಗ ಇಲ್ಲೇ ಇದ್ರೆ ಬಾ."

ದಿಂಬು ಬೀಗ ನೋಡುತ್ತಾ ನಿಂತ. ಯಾವ ಸಬ್ಜೆಕ್ಟಿನಲ್ಲಿ ಫೇಲಾದರೆ ಅನುಕೂಲ ಅಂತ ಯೋಚಿಸತೊಡಗಿದ.