ಅರಿತು ಹಚ್ಚುವ ವಿಭೂತಿ

ಹುಣಸೆಹಣ್ಣಿನ ವ್ಯಾಪಾರಿಗೆ ಒಂದು ದುರಭ್ಯಾಸ. ಏನು ಕೊಟ್ಟರೂ ಮೊದಲು ಹಿಚುಕಿ ನೋಡುತ್ತಾನೆ. ಹಿಂದೂಪುರದ ನನ್ನ ಮಂಡಿಗೆ ಬಂದ ಮೂಟೆಗೆ ಕೈಹಾಕಿ, ಇದು ಗೋರಂಟ್ಲದ ಕಡೆಯದೋ ಲೇಪಾಕ್ಷಿಯದೋ, ಹೊಸದೋ ಹಳೆಯದೋ, ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಇಂಥ ಕೊಟ್ಟೂರಪ್ಪನಾದ ನಾನು, ಹುಟ್ಟಿದಾಗಿನಿಂದ ಹಣೆಗೆ ಬಳಿದುಕೊಂಡು ಬಂದ ವಿಭೂತಿಯನ್ನು ಏತರದು, ಯಾರು ಮಾಡಿದ್ದು ಎಂದು ಒಂದು ದಿನವೂ ಕೇಳಿರಲಿಲ್ಲ. ಅಂಗಡಿಯವನು ಕಾಗದದಲ್ಲಿ ಸುತ್ತಿ ಕೊಟ್ಟದ್ದೇ ವಿಭೂತಿ. (ಅದು ಸುಣ್ಣವೋ ಏನೋ, ಆ ಶಿವನಿಗೇ ಗೊತ್ತು.)

ಈ ಜ್ಞಾನೋದಯವಾದದ್ದು ಕಲ್ಯಾಣದುರ್ಗದಿಂದ ಮಗಳು ಭ್ರಮರಾಂಬ ಹೆತ್ತ ಸುದ್ದಿ ಬಂದಾಗ. ಎರಡನೆಯ ಹೆರಿಗೆಯಾದ್ದರಿಂದ ಗಂಡನ ಮನೆಯಲ್ಲೇ ಆಗಿತ್ತು. ಹೆಣ್ಣುಮಗು. ಬರುವ ಹುಣ್ಣಿಮೆಗೆ ಮಗುವಿಗೆ ಲಿಂಗ ಕಟ್ಟುವ ಶಾಸ್ತ್ರ. ಆ ಎಳೆಯ ಹಣೆಗೆ ಬೀಳುವ ಮೊದಲ ವಿಭೂತಿ ನಾನು ಅರಿತು, ನನ್ನ ಕೈಯಾರೆ ಮಾಡಿದ್ದಾಗಿರಬೇಕು ಎಂದು ನಿಶ್ಚಯಿಸಿದೆ. ಬೀಗರಿಗೂ ಹೇಳಿ ಕಳಿಸಿದೆ. ಅಲ್ಲಿಯವರೆಗೆ ನಾನೂ ಹಚ್ಚಿಕೊಳ್ಳುವುದಿಲ್ಲ ಎಂದು ವ್ರತ ಹಿಡಿದೆ.

“ಬೋಳು ಹಣೇಲಿ ಪೂಜೆಗೆ ಕೂತವ್ರಲ್ಲಪ್ಪ!” ಹೆಂಡತಿ ದ್ರಾಕ್ಷಾಯಣಮ್ಮ ತನ್ನ ಹಣೆ ಚಚ್ಚಿಕೊಂಡಳು. “ಕಂಡೋರು ಏನಂದಾರು?”

“ಅರಿಯದೆ ಹಚ್ಚಿದ್ದು ಬರೀ ಬೂದಿ ಕಣೇ.”

“ಅರ್ತು ಹಚ್ಚಿದ್ರೂ ಬೂದೀನೇ ಕಣ್ರೀ!”

ಇಂಥ ಅಜ್ಞಾನದೊಡನೆ ವಾದವೇಕೆಂದು ಮಠಕ್ಕೆ ಹೋಗಿ ಅಯ್ಯನವರ ಕಾಲಿಗೆ ಬಿದ್ದೆ. ಅವರಿಗೆ ಸಂತೋಷವೇ ಆಯಿತು. “ಸಗಣಿ ನೆಲಕ್ಕೆ ಬೀಳ್ಬಾರ್ದು, ಎಲೇಲಿ ಹಿಡಿ. ಉಂಡೆ ಕಟ್ಟಿ ಒಣಗಿಸಿ, ಭತ್ತದ ಹೊಟ್ಟಲ್ಲಿ ಸುಡು. ಬೂದೀನ ನೀರಲ್ಲಿ ಕದಡಿ ಬಟ್ಟೇಲಿ ಸೋಸು. ತಳದಲ್ಲಿ ಕೂತಿದ್ದನ್ನ ಗಟ್ಟಿ ಮಾಡು” ಎಂದರು. ಎದ್ದು ಹೊರಟವನನ್ನು ಮತ್ತೆ ಕರೆದು, “ಒಂದು ಸಲ ಪೂರಾ ಸುಟ್ಟಿದ್ದನ್ನ ಮತ್ತೆ ಸುಡಕ್ಕಾಗಲ್ಲ ಕಣಪ್ಪ. ಅದ್ಕೇ ಅದನ್ನ ಹಣೇಲಿ ಇಟ್ಕೊಳ್ಳೋದು” ಎಂದರು.

ನನಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ಇದನ್ನು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ದಾರಿಯುದ್ದಕ್ಕೂ ಅದೇ ಮಾತನ್ನು ನೆನೆದುಕೊಂಡು ಮನೆಗೆ ಬಂದೆ.

ಮರುದಿನ ಬೆಳಗ್ಗೆ ಮುತ್ತುಗದ ಎಲೆ ಹಿಡಿದು ಹಸುವಿನ ಹಿಂದೆ ತಪಸ್ಸಿಗೆ ನಿಂತೆ. ಹಸುವಿಗೆ ಎಲ್ಲಿಲ್ಲದ ಸಂಕೋಚ. ತಿರುಗಿ ತಿರುಗಿ ನನ್ನನ್ನೇ ನೋಡಿತು. ಹಾಲು ಕರೆಯಲು ಬಂದ ತೆಲುಗಿನ ಕದಿರಮ್ಮ, “ಏಂದಿ ಸಾಮೀ ಇದಿ! ನೀವು ಹಿಂಗೆ ನಿಂತ್ರೆ ಅದು ಹಾಲೂ ಕೊಡಲ್ಲ, ಇನ್ನೊಂದೂ ಕೊಡಲ್ಲ” ಎಂದಳು. ಕೊನೆಗೂ ಉಂಡೆಗಳಾದವು, ಒಣಗಿದವು. ಅಕ್ಕಿಗೇ ರೇಷನ್ ಇರುವ ಕಾಲದಲ್ಲಿ ಮಿಲ್ಲಿನವನ ಗಡ್ಡ ಹಿಡಿದು ಹೊಟ್ಟು ತಂದೆ. ಅರ್ಧ ಉಂಡೆಗಳನ್ನು ಸುಟ್ಟೆ. ಬೀದಿಯೆಲ್ಲ ಕೆಮ್ಮಿತು.

ಬೂದಿ ಆರಿದ ಮೇಲೆ ಬಚ್ಚಲುಮನೆಯ ಮಬ್ಬಿನಲ್ಲಿ ಒಂದು ಗುಡಾಣದ ತುಂಬ ನೀರು ಕಂಡಿತು. ‘ಓಂ ನಮಃ ಶಿವಾಯ’ ಎಂದು ಬೂದಿಯನ್ನು ಅದಕ್ಕೆ ಸುರಿದೆ.

ಬುಸ್ಸೆಂದಿತು! ಗುಡಾಣದೊಳಗಿಂದ ನೊರೆ ಉಕ್ಕಿತು, ಕಂಠ ದಾಟಿತು, ನನ್ನ ಪಾದಗಳ ಮೇಲೆ ಹರಿಯಿತು. ನಾನು ‘ಶಿವಶಿವಾ’ ಎಂದು ಕೂಗಿಕೊಂಡೆ. ಪಕ್ಕದ ಮನೆಯ ಈರಲಿಂಗಪ್ಪ ಓಡಿಬಂದು ನೋಡಿ, “ಮಹಿಮೆ ಕಣಣ್ಣೋ!” ಎಂದು ಅಡ್ಡಬಿದ್ದ. ಯಾರೋ ಕರ್ಪೂರ ಹಚ್ಚಿದರು. ಯಾರೋ ನನಗೂ ಕೈ ಮುಗಿದರು. (ನಾನು ಬೇಡವೆನ್ನಲಿಲ್ಲ.)

ಆಗ ದ್ರಾಕ್ಷಾಯಣಮ್ಮ ಗುಂಪು ಸರಿಸಿಕೊಂಡು ಬಂದಳು. “ಅಯ್ಯೋ, ಕಲ್ಯಾಣದುರ್ಗಕ್ಕೆ ಒಯ್ಯೋ ಹಿತ್ತಾಳೆ ಪಾತ್ರೆ ಬೆಳಗಾಕೆ ಹುಣಸೆಹುಳಿ ಕಿವುಚಿ ಇಟ್ಟಿದ್ನಲ್ರೀ! ಅದ್ಕೆ ಬೂದಿ ಸುರಿದ್ರೆ ಉಕ್ದೆ ಇರ್ತದಾ?”

ಮನೆಯೆಲ್ಲ ಹುಣಸೆಯ ವಾಸನೆಯೇ ಇರುವಾಗ ನನ್ನ ಮೂಗಾದರೂ ಏನು ಪತ್ತೆ ಹಚ್ಚೀತು? ಈರಲಿಂಗಪ್ಪ ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡು ಹೋದ.

ಉಳಿದ ಉಂಡೆಗಳನ್ನು ಸುಟ್ಟೆ. ಈ ಸಲ ಬಾವಿಯ ನೀರು, ನಾನೇ ಸೇದಿದ್ದು. ಆದರೆ ಅಷ್ಟರಲ್ಲಿ ಹೊರಡುವ ದಿನ ಬಂದೇಬಿಟ್ಟಿತು.

“ಮೋಟಾರು ಹೋಯ್ತದೆ, ಬನ್ರೀ!”

“ನೀರಿನ್ನೂ ತಿಳಿಯಾಗಿಲ್ಲ. ನೀನು ಮುಂದೆ ಹೋಗು, ನಾಳೆ ಬತ್ತೀನಿ. ನಾನು ಬರೋವರ್ಗೂ ಶಾಸ್ತ್ರ ನಿಲ್ಸಿ ಅನ್ನು.”

ಅವಳು ಹೋದಳು. ತಿಳಿಯಾದ ಮೇಲೆ ಇನ್ನೊಮ್ಮೆ ಸೋಸಿದರೆ ಇನ್ನೂ ನುಣುಪಾದೀತು ಎನ್ನಿಸಿತು. ಸೋಸಿದೆ. ಒಣಗಲು ಬಿಸಿಲು ಸಾಲಲಿಲ್ಲ. ಹುಣ್ಣಿಮೆ ಯಾರಿಗೂ ಕಾಯುವುದಿಲ್ಲವೆಂಬುದು ನನಗೆ ಹೊಳೆದದ್ದು ಅದು ಕಳೆದ ಮೇಲೆ.

ಬೆಣ್ಣೆಯಂಥ ವಿಭೂತಿಗಟ್ಟಿಯನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿಕೊಂಡು ಕಲ್ಯಾಣದುರ್ಗದಲ್ಲಿ ಇಳಿದಾಗ ಬೀಗರು ತಿಪ್ಪೇರುದ್ರಪ್ಪನವರು ಬಾಗಿಲಲ್ಲೇ ಸಿಕ್ಕರು. “ಬನ್ನಿ ಬೀಗರೇ, ಶಾಸ್ತ್ರ ಮೊನ್ನೇನೇ ಮುಗೀತು. ಅಂಗಡಿ ವಿಭೂತೀನೇ ಹಚ್ಚುದ್ವಿ” ಎಂದು ನನ್ನ ಬೋಳು ಹಣೆಯನ್ನು ನೋಡಿದರು.

ಒಳಗೆ ಭ್ರಮರಾಂಬ ನನ್ನ ಮುಖ ನೋಡಲಿಲ್ಲ. “ಎಲ್ರೂ ಕೇಳುದ್ರು, ನಿಮ್ಮಪ್ಪ ಎಲ್ಲಮ್ಮಾ ಅಂತ. ವಿಭೂತಿ ಮಾಡ್ತಾವ್ನೆ ಅಂದೆ. ನಂಗೆ ವಿಭೂತಿ ಬೇಕಿರ್ಲಿಲ್ಲಪ್ಪ. ನೀನು ಬೇಕಿತ್ತು.” ಅಷ್ಟು ಹೇಳಿ ಅತ್ತಳು. ನನಗೆ ನೆಲ ಬಾಯಿಬಿಟ್ಟರೆ ಸಾಕೆನ್ನಿಸಿತು. ಯಾರಿಗಾಗಿ ಇಷ್ಟೆಲ್ಲ ಕಲಿಯಹೊರಟೆನೋ ಅವಳನ್ನೇ ಮರೆತು ಗುಡಾಣದ ಮುಂದೆ ಕೂತಿದ್ದೆನಲ್ಲ!

ತುಸು ಹೊತ್ತಿನ ಮೇಲೆ ಅವಳೇ ಕಣ್ಣೊರೆಸಿಕೊಂಡು ಮಗುವನ್ನು ನನ್ನ ತೊಡೆಯ ಮೇಲಿಟ್ಟಳು. “ಈಗ್ಲಾದ್ರೂ ಹಚ್ಚು.”

ಗಟ್ಟಿಯ ಮೂಲೆ ಮುರಿದು ಅಂಗೈಯಲ್ಲಿ ಪುಡಿ ಮಾಡಿದೆ. ಹೊಗೆಯಷ್ಟು ನುಣುಪು. ಮಗುವಿನ ಹಣೆಯ ಹತ್ತಿರ ಕೈ ಒಯ್ದೆ ನೋಡಿ, ಅದು ಸೀನಿತು! ಅಂಗೈಯಲ್ಲಿದ್ದುದೆಲ್ಲ ನನ್ನ ಮುಖಕ್ಕೆ, ಮೀಸೆಗೆ, ತೆರೆದ ಬಾಯಿಗೆ.

ದ್ರಾಕ್ಷಾಯಣಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಬೀಗರು ಗೋಡೆ ಹಿಡಿದುಕೊಂಡರು. ಭ್ರಮರಾಂಬ ಅಳುವಿನ ನಡುವೆಯೇ ನಕ್ಕು, “ಅಲ್ಲಾಡ್ಬೇಡಪ್ಪ” ಎಂದು ನನ್ನ ಮೂಗಿನ ಮೇಲಿನದನ್ನೇ ಬೆರಳಿಗೆ ತೆಗೆದುಕೊಂಡು ನನ್ನ ಹಣೆಗೆ ಮೂರು ಗೆರೆ ಎಳೆದಳು.

ಎಲ್ಲರಿಗೂ ವಿಭೂತಿಯ ಅರ್ಥ ಹೇಳಬೇಕೆಂದು ಮೋಟಾರಿನಲ್ಲಿ ದೊಡ್ಡ ಭಾಷಣವನ್ನೇ ಸಿದ್ಧಮಾಡಿಕೊಂಡು ಬಂದಿದ್ದೆ. ಬಾಯಿಗೆ ಬಿದ್ದ ವಿಭೂತಿಯ ಜೊತೆಗೆ ಅದನ್ನೂ ನುಂಗಿಕೊಂಡೆ. ಮಗು ಮತ್ತೆ ಸೀನಲು ಮೂಗು ಅರಳಿಸಿತು. ನಾನು ಮುಖ ತಿರುಗಿಸಲಿಲ್ಲ.