ಉಜ್ಜಿದರೂ ಹೋಗದ ಪ್ರೀತಿ

ಎಲ್ಲದಕ್ಕೂ ಅವಸರ ಮಾಡುವುದರಿಂದ ಬೀದಿಯವರೆಲ್ಲ ಅವನನ್ನು ಅವಸರಪ್ಪ ಎಂದೇ ಕರೆಯುತ್ತಿದ್ದರು. ಆ ದಿನ ಒಲೆಯ ಮೇಲೆ ನೀರಿಟ್ಟು, ಕುದಿಯುವಷ್ಟರಲ್ಲಿ ಗಡ್ಡ ಬೋಳಿಸಿಕೊಳ್ಳೋಣ ಎಂದು ಬಚ್ಚಲಿಗೆ ಓಡಿದ. ಗಡ್ಡದ ಜೊತೆಗೊಂದು ಹಾಡು, ಹಾಡಿನ ಹಿಂದೆಯೇ ಸ್ನಾನ. ಮಹಡಿಯ ಮೇಲಿನ ಕುಸ್ತಿ ಮಾಸ್ತರರು ಕಿಟಕಿಯಿಂದ ತಲೆ ಹೊರಹಾಕಿ "ಏನ್ರೀ, ಕೆಳಗೆ ಕುಲುಮೆ ಇಟ್ಟಿದ್ದೀರಾ?" ಎಂದು ಗುಡುಗಿದಾಗಲೇ ಅವನಿಗೆ ಒಲೆಯ ನೆನಪಾದದ್ದು. ನೀರೆಲ್ಲ ಬತ್ತಿಹೋಗಿತ್ತು. ಫಳಫಳ ಹೊಳೆಯುತ್ತಿದ್ದ ಸ್ಟೀಲ್ ಪಾತ್ರೆಯ ಹೊಟ್ಟೆ ಪಾರಿವಾಳದ ಕೊರಳಿನಂತೆ ನೀಲಿ, ನೇರಳೆ ಆಗಿ ಕೂತಿತ್ತು.

ಅಕ್ಕನ ಮನೆಗೆ ಹೋಗಿದ್ದ ಹೆಂಡತಿ ಸಂಜೆ ಬರುವವಳು. ಈಗಾಗಲೇ ಎರಡು ಪಾತ್ರೆ ಸುಟ್ಟಾಗಿತ್ತು. ಇನ್ನೊಂದು ಸುಟ್ಟರೆ ಜೀವಮಾನ ಪೂರ್ತಿ ಅಡುಗೆ ನಿಮ್ಮದೇ ಎಂದು ಹೇಳಿ ಹೋಗಿದ್ದಳು. ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ತಟ್ಟೆಗೇ ಬಂದು ಬೀಳುತ್ತದಲ್ಲ ಎಂದುಕೊಂಡ ಅವಸರಪ್ಪ.

ಆದರೆ ಅವನೇನು ಸಾಮಾನ್ಯನೇ? ಕೆಲಸ ಮಾಡುವುದು ಲೇಸರ್ ಅಂಗಡಿಯಲ್ಲಿ. ಅಲ್ಲಿ ಸ್ಟೀಲ್ ಫಲಕಗಳಿಗೆ ಶಾಯಿಯಿಲ್ಲದೆ, ಪೇಂಟಿಲ್ಲದೆ ಬಣ್ಣ ಬರಿಸುತ್ತಾರೆ. ಕಿರಣದ ಬಿಸಿಯನ್ನು ಹದವಾಗಿ ತಾಗಿಸಿದರೆ ಲೋಹವೇ ಚಿನ್ನದ ಬಣ್ಣಕ್ಕೆ, ನೇರಳೆಗೆ, ನೀಲಿಗೆ ತಿರುಗುತ್ತದೆ. ಒಲೆ ಅಡ್ಡಾದಿಡ್ಡಿಯಾಗಿ ಮಾಡಿದ್ದನ್ನೇ ತಾನು ಅಂದವಾಗಿ ಮಾಡಿ, ಕಲೆಯನ್ನು ಹೂಬಳ್ಳಿಯಾಗಿಸಿ, ಉಡುಗೊರೆ ಎಂದು ಕೊಟ್ಟರಾಯಿತು. ಪಾತ್ರೆಯನ್ನು ಕಂಕುಳಲ್ಲಿ ಇರುಕಿಕೊಂಡು ಓಡಿದ.

ಊಟದ ಬಿಡುವಿನಲ್ಲಿ ಯಂತ್ರದ ಕೆಳಗೆ ಪಾತ್ರೆ ಕೂರಿಸಿದ್ದೇ ತಡ, ಅಂಗಡಿಯವರೆಲ್ಲ ಸುತ್ತ ನೆರೆದರು. ಬಳ್ಳಿಯ ಮೇಲೊಂದು ಗಿಳಿ ಇರಲಿ ಎಂದಳು ಲೆಕ್ಕ ಬರೆಯುವ ಅಕ್ಕ. ಪಾತ್ರೆಯ ಹೊಟ್ಟೆ ಉಬ್ಬಾದ್ದರಿಂದ ಕಿರಣ ಹದ ತಪ್ಪಿ ಗಿಳಿ ಬದನೆಕಾಯಿ ಬಣ್ಣಕ್ಕೆ ಬಂತು. ಪಾಪ, ಜ್ವರ ಬಂದಿರಬೇಕು ಎಂದ ಪ್ಯಾಕಿಂಗಿನವನು. ಮೇಸ್ತ್ರಿ ಮಾತ್ರ ನಗಲಿಲ್ಲ.

"ಬರೀ ಹೂವು ನೋಡಿದ್ರೆ ಅನುಮಾನ ಪಡ್ತಾಳೆ ಕಣಯ್ಯ. ಎರಡು ಪ್ರೀತಿ ಮಾತು ಬರಿ. ಬಣ್ಣ ಉಜ್ಜಿದ್ರೆ ಹೋಗಿಬಿಡುತ್ತೆ, ಅಕ್ಷರಾನ ಮಾತ್ರ ಆಳವಾಗಿ ಕೊರಿ."

ಅವಸರಪ್ಪ ಆಳವಾಗಿಯೇ ಕೊರೆದ: 'ನನ್ನ ಮುದ್ದು ರಾಣಿಗೆ, ನಿನ್ನ ಅವಸರಪ್ಪ.'

ಸಂಜೆ ಹೆಂಡತಿ ಪಾತ್ರೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಓದಿದಳು. ಅವಳು ಹಾಗೆ ನಾಚಿದ್ದನ್ನು ಅವನು ಮದುವೆಯಾದ ಹೊಸತರಲ್ಲಿ ಕಂಡದ್ದು. ಗೆದ್ದೆ ಎಂದುಕೊಂಡ.

"ತುಂಬಾ ಚೆನ್ನಾಗಿದೆ ರೀ," ಎಂದಳು. "ಆದ್ರೆ ಇದು ನಮ್ಮದಲ್ಲ. ನೀವು ಸುಡ್ತೀರಿ ಅಂತ ನಮ್ಮ ಪಾತ್ರೆ ಎಲ್ಲಾ ಬೀರುವಿನಲ್ಲಿಟ್ಟು ಬೀಗ ಹಾಕ್ಕೊಂಡು ಹೋಗಿದ್ದೆ. ಇದು ಮೇಲಿನ ಮಾಸ್ತರ ಹೆಂಡ್ತಿದು. ವಾಪಸ್ ಕೊಡೋದು ಮರೆತಿದ್ದೆ."

ಅವಸರಪ್ಪ ನಿಂಬೆಹಣ್ಣು ಹಿಂಡಿ, ಸ್ಟೀಲ್ ನಾರು ಹಿಡಿದು ಬೆವರಿಳಿಯುವಂತೆ ಉಜ್ಜಿದ. ಬಳ್ಳಿ ಹೋಯಿತು. ಜ್ವರದ ಗಿಳಿಯೂ ಹಾರಿಹೋಯಿತು. ಅಕ್ಷರಗಳು ಮಾತ್ರ ಉಜ್ಜಿದಷ್ಟೂ ಮಿಂಚಿದವು. ಮೇಸ್ತ್ರಿಯನ್ನು ಮನಸಾರೆ ಬೈದುಕೊಳ್ಳುತ್ತಿರುವಾಗಲೇ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು.

"ನಮ್ಮ ಮನೆಯವಳು ಪಾತ್ರೆ ಇಸ್ಕೊಂಡು ಬನ್ನಿ ಅಂದ್ಲು," ಎಂದರು ಬಾಗಿಲಲ್ಲಿ ಕುಸ್ತಿ ಮಾಸ್ತರರು.

"ಹೆಸರು ಹಾಕಿದವರೇ ಕೊಡಿ," ಎಂದು ಹೆಂಡತಿ ಪಾತ್ರೆಯನ್ನು ಗಂಡನ ಕೈಗಿಟ್ಟಳು.

ಜೀವಮಾನದಲ್ಲಿ ಮೊದಲ ಸಲ ಅವಸರಪ್ಪ ಒಂದಿಷ್ಟೂ ಅವಸರವಿಲ್ಲದೆ ಬಾಗಿಲ ಕಡೆ ನಡೆದ.